ಹೈಸ್ಕೂಲ್ ಅನಿಲ ಪರೀಕ್ಷೆಯ ಕಿಟ್: ಗಾಜು ಗಟ್ಟಿ, ಕಾಗದ ಕಳಪೆ, ಚಾರ್ಟ್ ನಂಬಬೇಡಿ

ಎಂಟರಿಂದ ಹತ್ತನೇ ತರಗತಿಯವರೆಗಿನ ವಿಜ್ಞಾನಕ್ಕೆಂದು ಮಾರುವ ಅನಿಲ ಪರೀಕ್ಷೆಯ ಕಿಟ್‌ಗಳ ಮೇಲಿನ ಸ್ಟಿಕ್ಕರ್ ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಒಂದಷ್ಟು ಪ್ರನಾಳಗಳು, ಎರಡು ಬಾಯಿಯ 250 ಮಿ.ಲೀ. ವುಲ್ಫ್ ಬಾಟಲಿ, ಥಿಸಲ್ ಆಲಿಕೆ, ಬಾಗಿಸಿದ ಡೆಲಿವರಿ ಟ್ಯೂಬ್, ರಬ್ಬರ್ ಕಾರ್ಕ್, ಒಂದೆರಡು ಗ್ಯಾಸ್ ಜಾಡಿ, ಸ್ಪಿರಿಟ್ ಲ್ಯಾಂಪು, ಲಿಟ್ಮಸ್ ಪುಸ್ತಕ, ಬೇರೆ ನಾಲ್ಕಾರು ಪರೀಕ್ಷಾ ಕಾಗದ, ಸಣ್ಣ ಬಾಟಲಿಗಳಲ್ಲಿ ರಾಸಾಯನಿಕ, ಮುಚ್ಚಳದ ಒಳಮೈಗೆ ಅಂಟಿಸಿದ ಬಣ್ಣದ ಚಾರ್ಟ್. ಆದ್ದರಿಂದ ಈ ವಿಮರ್ಶೆ ಯಾವುದೇ ಒಂದು ಕಂಪನಿಯದ್ದಲ್ಲ, ಆ ಪೆಟ್ಟಿಗೆಯದ್ದು. ಶಾಲೆಯ ಅನುದಾನದಲ್ಲಿ ಇಡೀ ಪೆಟ್ಟಿಗೆ ಕೊಳ್ಳಬೇಕೋ, ಬಿಡಿಬಿಡಿಯಾಗಿ ಕೊಳ್ಳಬೇಕೋ ಎಂದು ಯೋಚಿಸುತ್ತಿರುವ ಮೇಷ್ಟ್ರು, ಟೀಚರುಗಳಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಗಾಜು. ಹಣದ ಬಹುಪಾಲು ಹೋಗುವುದು ಇದಕ್ಕೇ, ಮತ್ತು ಅದು ದಂಡವಲ್ಲ. ಬಹಳಷ್ಟು ಕಿಟ್‌ಗಳಲ್ಲಿ 18×150 ಮಿ.ಮೀ. ಅಳತೆಯ ಪ್ರನಾಳ ಕೊಡುತ್ತಾರೆ. ಒಂದರಲ್ಲಿ ಸುಮಾರು 25 ಮಿ.ಲೀ. ಅನಿಲ ಹಿಡಿಯುತ್ತದೆ, ಶಾಲೆಯ ಯಾವ ಪರೀಕ್ಷೆಗೂ ಇದಕ್ಕಿಂತ ಹೆಚ್ಚು ಬೇಕಿಲ್ಲ. ನೋಡಬೇಕಾದ್ದು ಗಾಜು ಬೋರೋಸಿಲಿಕೇಟೋ ಸಾದಾ ಸೋಡಾ ಗಾಜೋ ಎಂಬುದನ್ನು. ಸತು-ಆಮ್ಲದಂಥ ತಣ್ಣಗಿನ ಕ್ರಿಯೆಗೆ ಎರಡೂ ನಡೆಯುತ್ತವೆ. ಅಮೋನಿಯಕ್ಕೆ ಬಿಸಿ ಮಾಡುವಾಗ, ಸೀಸದ ನೈಟ್ರೇಟ್ ಕಾಯಿಸುವಾಗ ಸೋಡಾ ಗಾಜು ತಳದಲ್ಲಿ ಬಿರುಕು ಬಿಡುತ್ತದೆ. ಬಿಲ್ಲಿನಲ್ಲಿ ಏನೇ ಬರೆದಿರಲಿ, ಪತ್ತೆ ಹಚ್ಚುವುದು ಸುಲಭ: ಮೆಡಿಕಲ್ ಶಾಪಿನ ಗ್ಲಿಸರಿನ್ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಬೀಕರಿಗೆ ಹಾಕಿ, ಪ್ರನಾಳದ ಒಳಗೂ ಅದನ್ನೇ ತುಂಬಿ ಮುಳುಗಿಸಿ. ಬೋರೋಸಿಲಿಕೇಟ್ ಆದರೆ ಮುಳುಗಿದ ಭಾಗ ಹೆಚ್ಚುಕಡಿಮೆ ಕಾಣೆಯಾಗುತ್ತದೆ, ಏಕೆಂದರೆ ಎರಡರ ವಕ್ರೀಭವನ ಸೂಚ್ಯಂಕವೂ 1.47ರ ಆಸುಪಾಸು. ಸೋಡಾ ಗಾಜಿನದ್ದು 1.52ರ ಹತ್ತಿರ, ಅದರ ಅಂಚು ಎದ್ದು ಕಾಣುತ್ತದೆ. ಮಕ್ಕಳಿಗೆ ಬೆಳಕಿನ ಪಾಠಕ್ಕೂ ಇದನ್ನೇ ತೋರಿಸಬಹುದು.

ವುಲ್ಫ್ ಬಾಟಲಿಯ ಬಗ್ಗೆ ಮಾತ್ರ ನಮ್ಮದು ತಕರಾರು. ನೋಡಲು ಚೆಂದ, ಪಠ್ಯಪುಸ್ತಕದ ಚಿತ್ರದಂತೆಯೇ ಇದೆ. ಆದರೆ ಹೈಡ್ರೋಜನ್ ತಯಾರಿಸಲು ಹೊರಟರೆ ಆ 250 ಮಿ.ಲೀ. ಜಾಗದಲ್ಲಿರುವ ಗಾಳಿಯನ್ನೆಲ್ಲ ಮೊದಲು ಹೊರದಬ್ಬಬೇಕು. ಅದಕ್ಕೆ ಬಾಟಲಿಯ ಗಾತ್ರದ ಮೂರು ಪಟ್ಟಾದರೂ ಅನಿಲ ಹರಿಯಬೇಕು, ಅಂದರೆ ಸುಮಾರು 750 ಮಿ.ಲೀ. ಅಷ್ಟು ಅನಿಲಕ್ಕೆ 2 ಗ್ರಾಂಗಿಂತ ಹೆಚ್ಚು ಸತು ಕರಗಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಯಾರಿಗೂ ಇರುವುದಿಲ್ಲ. ಕಾಯದೆ ನಳಿಕೆಯ ತುದಿಗೆ ಕಡ್ಡಿ ಗೀರಿದರೆ ಉರಿ ಹಿಂದಕ್ಕೆ ಓಡಿ ಬಾಟಲಿ ಸಿಡಿಯುತ್ತದೆ. ಗಾಳಿಯಲ್ಲಿ ಹೈಡ್ರೋಜನ್ 4ರಿಂದ 75 ಶೇಕಡಾ ಇದ್ದರೂ ಹೊತ್ತಿಕೊಳ್ಳುತ್ತದೆ, ಇದು ಬಹಳ ಅಗಲವಾದ ಮಿತಿ. ಚಾರ್ಟಿನಲ್ಲಿ ನಳಿಕೆಯ ತುದಿಗೇ ಉರಿಯುವ ಕಡ್ಡಿ ಹಿಡಿದ ಚಿತ್ರವಿದ್ದರೆ ಅದರ ಮೇಲೊಂದು ಬಿಳಿ ಕಾಗದ ಅಂಟಿಸಿಬಿಡಿ.

ವುಲ್ಫ್ ಬಾಟಲಿಯ ಬದಲು ಒಂದು ಪ್ರನಾಳ ಸಾಕು. ಅರ್ಧ ಗ್ರಾಂ ಸತುವಿನ ಚೂರಿಗೆ 5 ಮಿ.ಲೀ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಅಂಗಡಿಯ ಸಾಂದ್ರ ಆಮ್ಲ ಒಂದು ಪಾಲಿಗೆ ನೀರು ಐದು ಪಾಲು, ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಹೀಗೆ ಮಾಡಿದರೆ ಸುಮಾರು 2 ಮೋಲಾರ್ ಆಗುತ್ತದೆ, ಆ 5 ಮಿ.ಲೀ.ನಿಂದ 120 ಮಿ.ಲೀ.ವರೆಗೆ ಹೈಡ್ರೋಜನ್ ಬರುತ್ತದೆ. ಮೊದಲ ಪ್ರನಾಳದಷ್ಟು ಅನಿಲವನ್ನು ಬಿಟ್ಟುಬಿಟ್ಟರೂ ಮೂರು ಪ್ರನಾಳ ತುಂಬುತ್ತದೆ. ಕಿಟ್‌ನ ಸತು ತೀರಾ ಶುದ್ಧವಾಗಿದ್ದರೆ ಗುಳ್ಳೆ ಏಳುವುದೇ ಇಲ್ಲ, ಮಕ್ಕಳು ‘ಸಾರ್, ಆಗ್ತಿಲ್ಲ’ ಅನ್ನುತ್ತಾರೆ. ಆಗ ಮೈಲುತುತ್ತದ ದ್ರಾವಣ ಎರಡು ಹನಿ ಹಾಕಿ. ಸತುವಿನ ಮೇಲೆ ತಾಮ್ರದ ಕಪ್ಪು ಪದರ ಕೂತು ಗುಳ್ಳೆ ಬಿರುಸಾಗುತ್ತದೆ. ಮೆಗ್ನೀಷಿಯಂ ಪಟ್ಟಿ ಇದ್ದರೆ ಇನ್ನೂ ಸಲೀಸು: ಮರಳು ಕಾಗದದಿಂದ ಉಜ್ಜಿದ 3 ಸೆಂ.ಮೀ. ತುಂಡು ಸುಮಾರು 30 ಮಿ.ಲೀ. ಕೊಡುತ್ತದೆ.

ಪರೀಕ್ಷೆ ಮಾಡುವುದು ಅನಿಲ ಹಿಡಿದ ಪ್ರನಾಳದಲ್ಲಿ, ತಯಾರಿಸುವ ಪ್ರನಾಳದಿಂದ ಕೈಯಳತೆ ದೂರದಲ್ಲಿ. ಪ್ರನಾಳ ಬೋರಲಾಗಿಯೇ ಇರಲಿ, ಹೆಬ್ಬೆರಳು ತೆಗೆದು ಉರಿಯುವ ಕಡ್ಡಿ ತೋರಿಸಿದರೆ ‘ಪಪ್’. ಇಲ್ಲೊಂದು ಪೇಚಿದೆ. ಎಲ್ಲ ಸರಿಯಾಗಿ ಮಾಡಿ, ನೀರು ತುಂಬಿದ ಪ್ರನಾಳವನ್ನು ತೊಟ್ಟಿಯಲ್ಲಿ ಬೋರಲು ಹಾಕಿ, ನೀರಿನ ಮೇಲೆ ಅಚ್ಚುಕಟ್ಟಾಗಿ ಶುದ್ಧ ಹೈಡ್ರೋಜನ್ ಹಿಡಿದ ಮಗುವಿಗೆ ಸದ್ದೇ ಬರುವುದಿಲ್ಲ! ಶುದ್ಧ ಹೈಡ್ರೋಜನ್ ಪ್ರನಾಳದ ಬಾಯಲ್ಲಿ ಸದ್ದಿಲ್ಲದೆ ಉರಿದುಹೋಗುತ್ತದೆ, ಹಗಲಿನ ಬೆಳಕಿಗೆ ಆ ಜ್ವಾಲೆ ಕಾಣುವುದೂ ಕಷ್ಟ. ಸದ್ದು ಗಾಳಿ ಬೆರೆತಾಗ ಮಾತ್ರ. ಅರೆಬರೆ ಹಿಡಿದವನಿಗೆ ಜೋರು ಸದ್ದು, ಚೆನ್ನಾಗಿ ಹಿಡಿದವಳಿಗೆ ಏನೂ ಇಲ್ಲ, ಮಾರ್ಕ್ಸ್ ಹೋಗುವುದು ಅವಳದ್ದು. ಈ ಒಂದು ಸಾಲನ್ನು ಯಾವ ಚಾರ್ಟಿನಲ್ಲೂ ಬರೆದಿರುವುದಿಲ್ಲ. ಸತುವಿಗೆ ನೈಟ್ರಿಕ್ ಆಮ್ಲ ಹಾಕಿ ಹೈಡ್ರೋಜನ್‌ಗಾಗಿ ಕಾಯುವುದೂ ವ್ಯರ್ಥ. ಅದು ಉತ್ಕರ್ಷಕ, ಹೈಡ್ರೋಜನ್ ಹೊರಬರುವ ಮುನ್ನವೇ ನೀರಾಗಿಬಿಡುತ್ತದೆ, ಬರುವುದು ನೈಟ್ರೋಜನ್ನಿನ ಆಕ್ಸೈಡುಗಳು.

ಆಕ್ಸಿಜನ್‌ಗೆ ಕಿಟ್‌ನವರು ಪೊಟ್ಯಾಸಿಯಂ ಪರ್ಮಾಂಗನೇಟ್ ಕೊಟ್ಟಿರುತ್ತಾರೆ, ಕಾಯಿಸಿದರೆ ಆಕ್ಸಿಜನ್ ಬರುವುದು ನಿಜ. ಆದರೆ ನೇರಳೆ ಪುಡಿ ಅನಿಲದ ಜೊತೆ ಹಾರಿ ನಳಿಕೆಗೆ ಹೋಗುತ್ತದೆ, ಪ್ರನಾಳದ ಬಾಯಿಯ ಹತ್ತಿರ ಗಾಜಿನ ಉಣ್ಣೆ ತುರುಕದಿದ್ದರೆ ತೊಟ್ಟಿಯ ನೀರೆಲ್ಲ ಗುಲಾಬಿ. ಇದರ ಬದಲು ಮೆಡಿಕಲ್ ಶಾಪಿನ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಬಾಟಲಿಯ ಮೇಲಿನ ಆ 20 ಅಂದರೆ 1 ಮಿ.ಲೀ. ದ್ರಾವಣ 20 ಮಿ.ಲೀ. ಆಕ್ಸಿಜನ್ ಬಿಡುತ್ತದೆ ಎಂದರ್ಥ, ಲೆಕ್ಕ ಅಲ್ಲೇ ಬರೆದಿದೆ. 5 ಮಿ.ಲೀ.ಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಸಾಕು. ಅದೂ ಇಲ್ಲವೇ? ಹಸಿ ಆಲೂಗಡ್ಡೆಯ ತುರಿ ಹಾಕಿ, ಅದರ ಕ್ಯಾಟಲೇಸ್ ಕಿಣ್ವ ಅದೇ ಕೆಲಸ ಮಾಡುತ್ತದೆ, ನೊರೆ ಮಾತ್ರ ಜಾಸ್ತಿ. ಆ ನೊರೆ ಕಡ್ಡಿಗೆ ತಾಗಿದರೆ ಕೆಂಡ ಆರಿ ‘ಆಕ್ಸಿಜನ್ ಇಲ್ಲ’ ಎಂಬ ತಪ್ಪು ಉತ್ತರ ಬರುತ್ತದೆ. ಹಾಗಾಗಿ ಪ್ರನಾಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದ್ರವ ಬೇಡ. ಹಳೆಯ ಪೆರಾಕ್ಸೈಡ್ ಬಾಟಲಿ ತನ್ನಷ್ಟಕ್ಕೆ ತಾನೇ ನೀರಾಗಿರುತ್ತದೆ. ಮೊದಲು ಒಂದು ಹನಿಗೆ ಚಿಟಿಕೆ ಪುಡಿ ಹಾಕಿ ಬುಸುಗುಟ್ಟುತ್ತದೆಯೇ ನೋಡಿ.

ಕಿಟ್‌ನ ಮರದ ಕಡ್ಡಿಗಳು ಪರವಾಗಿಲ್ಲ. ಆದರೆ ಊದುಬತ್ತಿ ಅದಕ್ಕಿಂತ ಮೇಲು. ಕೆಂಡ ಒಂದೇ ಸಮ ನಿಲ್ಲುತ್ತದೆ, ಬೆಂಕಿಕಡ್ಡಿಯಂತೆ ಎರಡು ಸೆಕೆಂಡಿಗೆ ಬೂದಿಯಾಗುವುದಿಲ್ಲ, ಆಕ್ಸಿಜನ್‌ಗೆ ಇಳಿಸಿದ ಕೂಡಲೇ ಭಗ್ಗನೆ ಜ್ವಾಲೆ ಏಳುತ್ತದೆ. ಹೊರಗೆಳೆದು ಜ್ವಾಲೆ ಆರಿಸಿ ಮತ್ತೆ ಇಳಿಸಿ, ಒಂದೇ ಪ್ರನಾಳದಲ್ಲಿ ಹಲವು ಸಲ ಹೊತ್ತಿಸಬಹುದು.

ನೀರಿನ ವಿದ್ಯುದ್ವಿಭಜನೆಗೆ ಪ್ಲಾಸ್ಟಿಕ್ ಮಗ್ ಮತ್ತು ಪೆನ್ಸಿಲ್ ಸೀಸದಂಥ ಇಂಗಾಲದ ಕಡ್ಡಿಗಳನ್ನು ಕೆಲವು ಪೆಟ್ಟಿಗೆಗಳಲ್ಲಿ ಇಟ್ಟಿರುತ್ತಾರೆ. ಹೈಡ್ರೋಜನ್ ಕಡೆ ಸರಿಯಾಗಿ ಬರುತ್ತದೆ. ಆಕ್ಸಿಜನ್ ಕಡೆ ಅರ್ಧಕ್ಕಿಂತ ಕಡಿಮೆ ಬಂದು ಕೆಂಡವೂ ಹೊತ್ತದಿದ್ದರೆ ಕಿಟ್ ಹಾಳಾಗಿದೆ ಎಂದುಕೊಳ್ಳಬೇಡಿ. ಇಂಗಾಲದ ಕಡ್ಡಿಯೇ ಒಂದಿಷ್ಟು ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ನೀರಿಗೆ ಉಪ್ಪು ಹಾಕಿದರಂತೂ ಆ ಕಡೆ ಕ್ಲೋರಿನ್ ಬರುತ್ತದೆ. ಸಾರರಿಕ್ತ ಗಂಧಕಾಮ್ಲದ ಕೆಲವು ಹನಿಗಳೇ ಸರಿ.

ಇನ್ನು ಪೆಟ್ಟಿಗೆಯ ಅತಿ ದುರ್ಬಲ ಭಾಗ, ಸುಣ್ಣದ ತಿಳಿನೀರು. ಸಿದ್ಧಪಡಿಸಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಾರೆ. ಕೈಗೆ ಬರುವ ಹೊತ್ತಿಗೆ ಮೇಲೊಂದು ಬಿಳಿ ಕೆನೆ, ಗೋಡೆಗೆಲ್ಲ ಬಿಳಿ ಪೊರೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಅದಾಗಲೇ ಹೀರಿ, ಸುಣ್ಣವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಂಡಿರುತ್ತದೆ, ಉಳಿದದ್ದು ಬರೀ ನೀರು. ಮೊದಲಿಗೇ ಅದರಲ್ಲಿ ಇರುವುದು ಅತ್ಯಲ್ಪ: 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಕರಗುವ ಸುಣ್ಣ 1.7 ಗ್ರಾಂ ಅಷ್ಟೇ, ಬಿಸಿ ಮಾಡಿದರೆ ಇನ್ನೂ ಕಡಿಮೆ.

ಇದನ್ನು ಕೊಳ್ಳಬೇಕಾದ್ದೇ ಇಲ್ಲ. ಎಲೆ ಅಡಿಕೆಗೆ ಬಳಸುವ ಸಾದಾ ಬಿಳಿ ಸುಣ್ಣ ಎರಡು ಚಮಚ ಒಂದು ಲೀಟರ್ ನೀರಿಗೆ ಹಾಕಿ, ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಾಡಿಸದೆ ಬಗ್ಗಿಸಿ, ಸೋಸು ಕಾಗದದಲ್ಲಿ ಸೋಸಿ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ತಳದ ಗಸಿಯನ್ನು ಚೆಲ್ಲಬೇಡಿ, ನೀರು ಹಾಕಿ ಕುಲುಕಿದರೆ ಮತ್ತೆ ತಿಳಿ ಸಿಗುತ್ತದೆ. ಕೋಲಾರ, ಚಿತ್ರದುರ್ಗದ ಕಡೆಯ ಗಡಸು ಬೋರ್‌ವೆಲ್ ನೀರಿಗೆ ಸುಣ್ಣ ಹಾಕಿದೊಡನೆ ಬಿಳಿಚಿಕೊಂಡರೆ ಗಾಬರಿ ಬೇಡ. ನೀರಿನಲ್ಲಿರುವ ಬೈಕಾರ್ಬೊನೇಟ್ ಸುಣ್ಣದ ಜೊತೆ ಸೇರಿ ಕಾರ್ಬೊನೇಟ್ ಆಗಿ ಇಳಿಯುತ್ತದೆ. ಸುಣ್ಣ ಸ್ವಲ್ಪ ಜಾಸ್ತಿ ಹಾಕಿ ತಿಳಿಯಾಗಲು ಬಿಟ್ಟರಾಯಿತು.

ತಿಳಿ ಚುರುಕಾಗಿದೆಯೇ ಎಂದು ನೋಡಲು 5 ಮಿ.ಲೀ. ತೆಗೆದುಕೊಂಡು ಸ್ಟ್ರಾದಿಂದ ಮೆಲ್ಲಗೆ ಊದಿ. ಲೆಕ್ಕ ಹಾಕಿದರೆ ಅದರಲ್ಲಿರುವ ಸುಣ್ಣವನ್ನೆಲ್ಲ ಬೆಳ್ಳಗೆ ಮಾಡಲು 3 ಮಿ.ಲೀ.ಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಸಾಕು, ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 4 ಶೇಕಡಾ. ಒಂದೆರಡು ಉಸಿರಿಗೇ ಮಬ್ಬು ಕಾಣಬೇಕು. ಅರ್ಧ ನಿಮಿಷ ಊದಿದರೂ ಮಬ್ಬಾಗದ ತಿಳಿಯನ್ನು ಗಿಡದ ಬುಡಕ್ಕೆ ಹಾಕಬಹುದು. ಮಕ್ಕಳು ಊದಲಿ, ಹೀರುವುದು ಬೇಡ. ತಾಜಾ ತಿಳಿಯ ಪಿಎಚ್ 12ರ ಮೇಲೆ, ಕಣ್ಣಿಗೆ ಸಿಡಿದರೆ ಕೆಟ್ಟದ್ದು, ಕನ್ನಡಕ ಕಡ್ಡಾಯ. ಕಿಟ್‌ನಲ್ಲಿ ಅದು ಇರುವುದಿಲ್ಲ, ಬೇರೆಯಾಗಿಯೇ ತರಬೇಕು.

ತಿಳಿ ಚೆನ್ನಾಗಿದ್ದೂ ಪರೀಕ್ಷೆ ಕೈಕೊಡುವುದು ಎರಡು ಕಡೆ. ಒಂದು, ಅತಿಯಾಗಿ ಹಾಯಿಸುವುದು. ಬೆಳ್ಳಗಾದದ್ದು ಮತ್ತೆ ತಿಳಿಯಾಗುತ್ತದೆ, ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗುತ್ತದೆ. ತಡವಾಗಿ ನೋಡಿದವರಿಗೆ ಏನೂ ಆಗಲಿಲ್ಲವೆಂದೇ ಕಾಣುತ್ತದೆ. ಎರಡನೆಯದು ಹೆಚ್ಚು ಸಾಮಾನ್ಯ: ಅಡುಗೆ ಸೋಡಕ್ಕೆ ಆಮ್ಲ ಒಮ್ಮೆಲೇ ಸುರಿದಾಗ ನೊರೆ ಉಕ್ಕಿ ಆಮ್ಲದ ತುಂತುರು ನಳಿಕೆಯಲ್ಲಿ ಹೋಗಿ ತಿಳಿಗೆ ಬೀಳುತ್ತದೆ, ಅದು ಮಬ್ಬನ್ನೇ ಕರಗಿಸಿಬಿಡುತ್ತದೆ. ಅರ್ಧ ಗ್ರಾಂ ಸೋಡದಿಂದ 140 ಮಿ.ಲೀ. ಅನಿಲ ಬರುತ್ತದೆ, ಅಷ್ಟೂ ಬೇಡ. ಕಾಲು ಚಮಚಕ್ಕಿಂತ ಕಡಿಮೆ ಸೋಡ, ಡ್ರಾಪರಿನಲ್ಲಿ ಹನಿ ಹನಿ ಆಮ್ಲ, ಪ್ರನಾಳದ ಬಾಯಲ್ಲಿ ಸಡಿಲವಾದ ಹತ್ತಿ. ಅಮೃತಶಿಲೆ ಚೂರಿಗೆ ಗಂಧಕಾಮ್ಲ ಹಾಕಿದರೆ ಮೊದಲು ಬುಸ್ಸೆಂದು ಆಮೇಲೆ ನಿಂತುಹೋಗುತ್ತದೆ. ಚೂರಿನ ಮೇಲೆ ಕರಗದ ಕ್ಯಾಲ್ಸಿಯಂ ಸಲ್ಫೇಟ್ ಪದರ ಕೂತಿರುತ್ತದೆ, ಹೈಡ್ರೋಕ್ಲೋರಿಕ್ ಆಮ್ಲವೇ ಆಗಬೇಕು.

ಈಗ ಚಾರ್ಟು. ಒಂದು ಅನಿಲಕ್ಕೆ ಒಂದು ಗುರುತು, ಒಂದು ಚಿತ್ರ. ಅದೇ ಗುರುತನ್ನು ಇನ್ನಾವ ಅನಿಲ ತೋರಿಸುತ್ತದೆ ಎಂಬ ಮಾತೇ ಇಲ್ಲ. ಅದಿಲ್ಲದೆ ಪತ್ತೆ ಹಚ್ಚುವುದು ಹೇಗೆ? ‘ಕಾರ್ಬನ್ ಡೈಆಕ್ಸೈಡ್: ಉರಿಯುವ ಕಡ್ಡಿಯನ್ನು ಆರಿಸುತ್ತದೆ’ ಎಂದು ದಪ್ಪಕ್ಷರದಲ್ಲಿದೆ. ನೈಟ್ರೋಜನ್ ಕೂಡ ಆರಿಸುತ್ತದೆ, ಅಮೋನಿಯ ಕೂಡ. ಸುಣ್ಣದ ತಿಳಿಯನ್ನು ಸಲ್ಫರ್ ಡೈಆಕ್ಸೈಡ್ ಕೂಡ ಬೆಳ್ಳಗೆ ಮಾಡುತ್ತದೆ, ಹೆಚ್ಚಾದರೆ ಮತ್ತೆ ತಿಳಿಯೂ ಮಾಡುತ್ತದೆ, ಥೇಟ್ ಕಾರ್ಬನ್ ಡೈಆಕ್ಸೈಡಿನಂತೆ. ಬಿಡಿಸುವ ದಾರಿ ಸುಲಭ: ಅನಿಲವನ್ನು ಮೊದಲು ಆಮ್ಲ ಬೆರೆಸಿದ ತಿಳಿಗುಲಾಬಿ ಪರ್ಮಾಂಗನೇಟ್ ದ್ರಾವಣದ 2 ಮಿ.ಲೀ.ಗೆ ಹಾಯಿಸಿ. ಬಣ್ಣ ಹೋದರೆ ಸಲ್ಫರ್ ಡೈಆಕ್ಸೈಡನ್ನು ಅನುಮಾನಿಸಿ. ಬಣ್ಣ ಉಳಿದು, ತಿಳಿನೀರು ಬೆಳ್ಳಗಾದರೆ ಕಾರ್ಬನ್ ಡೈಆಕ್ಸೈಡ್.

ಕಿಟ್‌ನಲ್ಲಿ ಸಲ್ಫರ್ ಡೈಆಕ್ಸೈಡ್ ಪತ್ತೆಗೆಂದು ಪೊಟ್ಯಾಸಿಯಂ ಡೈಕ್ರೊಮೇಟ್ ಕಾಗದ ಇಟ್ಟಿರುತ್ತಾರೆ, ಕಿತ್ತಳೆ ಬಣ್ಣ ಹಸಿರಾಗುತ್ತದೆ. ನೋಟ ಸ್ಪಷ್ಟವಾಗಿದೆ, ಒಪ್ಪಿಕೊಳ್ಳೋಣ. ಆದರೆ ಆ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಮಕ್ಕಳ ಬೆರಳಿಗೆ ಕೊಡುವ ವಸ್ತುವಲ್ಲ. ಮೇಲಾಗಿ ಹೈಡ್ರೋಜನ್ ಸಲ್ಫೈಡ್ ಕೂಡ ಅದನ್ನು ಹಸಿರು ಮಾಡುತ್ತದೆ. ಪರ್ಮಾಂಗನೇಟ್‌ಗೂ ಅದೇ ಗತಿ, ಬಣ್ಣ ಹೋಗುತ್ತದೆ, ಜೊತೆಗೆ ಗಂಧಕದ ಮಬ್ಬು ಏಳುತ್ತದೆ. ಪರ್ಮಾಂಗನೇಟನ್ನು ಕಾಗದಕ್ಕೆ ಅದ್ದಿ ಒಣಗಿಸಿಡುವ ಉಪಾಯ ಮಾತ್ರ ಬೇಡ. ಕಾಗದವೇ ಅದನ್ನು ಅಪಕರ್ಷಿಸಿ ಕಂದು ಮಾಡುತ್ತದೆ, ಅನಿಲವೇ ಬೇಕಿಲ್ಲ.

ಲಿಟ್ಮಸ್ ಬಗ್ಗೆ ಒಂದು ಎಚ್ಚರಿಕೆ ಸಾಕು, ಅದನ್ನು ಒದ್ದೆ ಮಾಡುವ ನೀರು. ಅನಿಲ ಕರಗಿದರೆ ತಾನೇ ಬಣ್ಣ ಬದಲಾಗುವುದು, ಹಾಗಾಗಿ ಕಾಗದ ಒದ್ದೆಯಿರಲೇಬೇಕು. ಆದರೆ ಕ್ಷಾರೀಯ ಬೋರ್‌ವೆಲ್ ನೀರಿನಲ್ಲಿ ಅದ್ದಿದ ಕೆಂಪು ಲಿಟ್ಮಸ್ ಅನಿಲ ತಗಲುವ ಮೊದಲೇ ನೀಲಿಯತ್ತ ತಿರುಗಬಹುದು. ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ, ಬ್ಯಾಟರಿ ಆಸಿಡ್ ಅಲ್ಲ, ಲೇಬಲ್ ಓದಿ. ಪ್ರತಿ ಸಲವೂ ಒಂದು ಒದ್ದೆ ಕಾಗದವನ್ನು ಅನಿಲಕ್ಕೆ ತೋರಿಸದೆ ಪಕ್ಕದಲ್ಲಿ ಇಟ್ಟುಕೊಂಡರೆ ಹೋಲಿಸಲು ಆಧಾರ ಸಿಗುತ್ತದೆ.

ಅಮೋನಿಯಕ್ಕೆ ಚಿಟಿಕೆ ಅಮೋನಿಯಂ ಕ್ಲೋರೈಡ್, ಅದರ ಎರಡರಷ್ಟು ಒಣ ಸುಣ್ಣದ ಪುಡಿ, ಹದವಾದ ಬಿಸಿ. ಪ್ರನಾಳದ ಬಾಯಿ ಕೊಂಚ ಕೆಳಗೆ ವಾಲಿರಲಿ, ಇಲ್ಲವಾದರೆ ಬಾಯಲ್ಲಿ ಕೂಡಿದ ನೀರು ಹಿಂದಕ್ಕೆ ಹರಿದು ಬಿಸಿ ತಳವನ್ನು ಒಡೆಯುತ್ತದೆ. ನೀರಿನ ಮೇಲೆ ಹಿಡಿಯಲು ಹೋಗಬೇಡಿ, ಒಂದು ಪಾಲು ನೀರು ಸುಮಾರು 700 ಪಾಲು ಅಮೋನಿಯ ಕುಡಿಯುತ್ತದೆ. ನಳಿಕೆ ನೀರಿನಲ್ಲಿ ಮುಳುಗಿದ್ದರೆ ನೀರು ಮೇಲಕ್ಕೇರಿ ಬಿಸಿ ಪ್ರನಾಳಕ್ಕೇ ನುಗ್ಗುತ್ತದೆ. ಒದ್ದೆ ಕೆಂಪು ಲಿಟ್ಮಸ್ ನೀಲಿಯಾಗಬೇಕು, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹತ್ತಿರ ತಂದರೆ ದಟ್ಟ ಬಿಳಿ ಹೊಗೆ ಏಳಬೇಕು. ಕಾಗದ ಪ್ರನಾಳದ ಅಂಚಿಗೆ ತಾಗಬಾರದು. ಅಲ್ಲಿ ಸುಣ್ಣದ ಪುಡಿಯಿದ್ದರೆ ಅದೇ ನೀಲಿ ಮಾಡಿಬಿಡುತ್ತದೆ. ಹೈಡ್ರೋಜನ್ ಕ್ಲೋರೈಡ್ ಪರೀಕ್ಷೆ ಇದರದ್ದೇ ತಿರುವುಮುರುವು. ಕಡ್ಡಿಗೆ ಅಮೋನಿಯ ದ್ರಾವಣ, ನೀಲಿ ಲಿಟ್ಮಸ್ ಕೆಂಪು, ಸಿಲ್ವರ್ ನೈಟ್ರೇಟ್ ಹನಿಯಲ್ಲಿ ಬಿಳಿ ಪ್ರಕ್ಷೇಪ.

ಕ್ಲೋರಿನ್‌ಗೆ ಗ್ಯಾಸ್ ಜಾಡಿ ತುಂಬಿಸುವ ಚಿತ್ರ ಚಾರ್ಟಿನಲ್ಲಿದೆ. ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಕಪಾಟು) ಇಲ್ಲದ ಶಾಲೆಯಲ್ಲಿ ಅದನ್ನು ಮಾಡಲೇಬಾರದು. ಬೇಕಾದದ್ದು ಗುರುತು ಮಾತ್ರ: ಬಿಳಿ ಟೈಲ್ ಮೇಲೆ ಸಾಸಿವೆ ಕಾಳಿನಷ್ಟು ಬ್ಲೀಚಿಂಗ್ ಪೌಡರ್, ಪಕ್ಕದಲ್ಲಿ ಒದ್ದೆ ನೀಲಿ ಲಿಟ್ಮಸ್, ಒಂದು ಹನಿ ಸಾರರಿಕ್ತ ಆಮ್ಲ, ಮೇಲೆ ಗಾಜಿನ ಬಟ್ಟಲು ಬೋರಲು, ಕಿಟಕಿ ತೆರೆದಿರಲಿ. ಕಾಗದ ಮೊದಲು ಕೆಂಪಾಗಿ ಆಮೇಲೆ ಬಿಳಿಯಾಗುತ್ತದೆ. ಸ್ಟಾರ್ಚ್ ಅಯೋಡೈಡ್ ಕಾಗದ ನೀಲಿಗಪ್ಪಾಗುವುದೂ ಗುರುತೇ, ಆದರೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಅದನ್ನು ಹಾಗೇ ಮಾಡುತ್ತದೆ. ಕಿಟ್‌ನ ಈ ಕಾಗದ ಬಹಳ ಸಲ ಪೊಟ್ಟಣದಲ್ಲೇ ನೀಲಿಗಟ್ಟಿರುತ್ತದೆ. 100 ಮಿ.ಲೀ. ಕುದಿಯುವ ನೀರಿಗೆ 1 ಗ್ರಾಂ ಗಂಜಿಪುಡಿ ಕದಡಿ, ಆರಿದ ಮೇಲೆ ಅರ್ಧ ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿ, ಸೋಸು ಕಾಗದದ ಪಟ್ಟಿ ಅದ್ದಿ ಆಗಲೇ ಬಳಸಿ.

ಹತ್ತನೇ ತರಗತಿಯಲ್ಲಿ ಸೀಸದ ನೈಟ್ರೇಟ್ ಕಾಯಿಸಿ ಕಂದು ಹೊಗೆ ನೋಡುವ ಚಟುವಟಿಕೆ ಇದೆ. ಕಿಟ್‌ನ ಬಾಟಲಿ ನೋಡಿದರೆ ಒಂದು ಚಮಚ ಸುರಿಯೋಣ ಅನ್ನಿಸುತ್ತದೆ. ಕಾಲು ಚಮಚ ಧಾರಾಳ. ಹರಳು ಚಟಪಟ ಸಿಡಿಯುತ್ತದೆ, ಉಳಿಯುವ ಹಳದಿ ಸೀಸದ ಆಕ್ಸೈಡ್ ಗಾಜಿಗೆ ಅಂಟಿಬಿಡುತ್ತದೆ, ಆ ಪ್ರನಾಳವನ್ನು ಮತ್ತೆ ಬೇರೆಯದಕ್ಕೆ ಬಳಸಬೇಡಿ. ಕಂದು ಬಣ್ಣ ಬ್ರೋಮಿನ್‌ಗೂ ಇದೆ. ಅನುಮಾನವಿದ್ದರೆ ಹೊಸದಾಗಿ ಮಾಡಿದ ಫೆರಸ್ ಸಲ್ಫೇಟ್ ದ್ರಾವಣಕ್ಕೆ ಹಾಯಿಸಿ, ನೈಟ್ರೋಜನ್ ಡೈಆಕ್ಸೈಡ್ ಆದರೆ ಅದು ಕಂದುಗಪ್ಪಾಗುತ್ತದೆ.

ಹೈಡ್ರೋಜನ್ ಸಲ್ಫೈಡಿಗೆಂದು ಕೊಡುವ ಸೀಸದ ಅಸಿಟೇಟ್ ಕಾಗದ ಮತ್ತು ಕಬ್ಬಿಣದ ಸಲ್ಫೈಡ್ ತುಂಡುಗಳನ್ನು ಬೀರುವಿನಲ್ಲೇ ಬಿಡುವುದು ಲೇಸು. ಆ ವಿಷಾನಿಲದ ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 100 ಪಾಲು ಮುಟ್ಟಿದರೆ ಮೂಗೇ ಮರಗಟ್ಟುತ್ತದೆ. ‘ವಾಸನೆ ನೋಡಿ’ ಎಂದು ಚಾರ್ಟ್ ಹೇಳುವ ಕಡೆಯೆಲ್ಲ ಪ್ರನಾಳವನ್ನು ದೂರ ಹಿಡಿದು ಅಂಗೈಯಿಂದ ಬೀಸಿಕೊಳ್ಳುವುದನ್ನು ಮೊದಲೇ ಕಲಿಸಿರಬೇಕು.

ಪೆಟ್ಟಿಗೆಯ ಜೋಡಣೆಯಲ್ಲೇ ಒಂದು ದೋಷವಿದೆ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಅಮೋನಿಯ ದ್ರಾವಣದ ಬಾಟಲಿಗಳಿಗೆ ಅಕ್ಕಪಕ್ಕದ ಗೂಡು. ತಿಂಗಳು ಕಳೆಯುವುದರೊಳಗೆ ಗಾಜಿನ ಮೇಲೆಲ್ಲ ಬಿಳಿ ಪುಡಿ ಕೂರುತ್ತದೆ, ಅದು ಧೂಳಲ್ಲ, ಎರಡೂ ಆವಿ ಸೇರಿ ಆದ ಅಮೋನಿಯಂ ಕ್ಲೋರೈಡ್. ಅದೇ ಆವಿ ಲಿಟ್ಮಸ್ ಪುಸ್ತಕವನ್ನೂ ಕೆಡಿಸುತ್ತದೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ, ಕಾಗದಗಳನ್ನು ಪೆಟ್ಟಿಗೆಯಿಂದಲೇ ಹೊರತೆಗೆದು ಬಿಗಿ ಮುಚ್ಚಳದ ಕಂದು ಬಾಟಲಿಗೆ ಹಾಕಿ.

ಕೊಳ್ಳುವುದಾದರೆ ಪ್ರನಾಳ, ಡೆಲಿವರಿ ಟ್ಯೂಬ್, ಕಾರ್ಕ್, ಸತು, ಮ್ಯಾಂಗನೀಸ್ ಡೈಆಕ್ಸೈಡ್, ಅಮೋನಿಯಂ ಕ್ಲೋರೈಡ್ ಬಿಡಿಯಾಗಿ ತನ್ನಿ. ವುಲ್ಫ್ ಬಾಟಲಿ, ಸುಣ್ಣದ ತಿಳಿ, ಡೈಕ್ರೊಮೇಟ್ ಕಾಗದ ಬೇಡ. ಇಡೀ ಪೆಟ್ಟಿಗೆಯೇ ಬೇಕೆಂದು ಮೇಲಿನವರ ಆದೇಶವಿದ್ದರೆ ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ ಕಾರ್ಕುಗಳನ್ನು ಪ್ರನಾಳಕ್ಕೆ ಹಾಕಿ ನೋಡಿ. ಅಳತೆ ಕೂಡದ ಕಾರ್ಕು ಈ ಕಿಟ್‌ಗಳ ಸಾಮಾನ್ಯ ರೋಗ. ಮೂರನೇ ಎರಡು ಭಾಗ ಹೊರಗುಳಿಯುವಂತೆ ಬಿಗಿಯಾಗಿ ಕೂರಬೇಕು. ಗಾಜಿನ ನಳಿಕೆಯನ್ನು ಕಾರ್ಕಿನ ತೂತಿಗೆ ತೂರಿಸುವಾಗ ಎರಡಕ್ಕೂ ಗ್ಲಿಸರಿನ್ ಸವರಿ, ಬಟ್ಟೆ ಸುತ್ತಿ, ಕಾರ್ಕಿನ ಹತ್ತಿರವೇ ಹಿಡಿದು ತಿರುಗಿಸುತ್ತಾ ಒಳಗೆ ಬಿಡಿ. ಬಾಗಿದ ಕಡೆ ಹಿಡಿದು ಒತ್ತಿದರೆ ನಳಿಕೆ ಮುರಿದು ಅಂಗೈಗೆ ಹೋಗುತ್ತದೆ.